ಗಂಜಿ ಕುಡಿದ ಬೊಂತೆ

ನಮ್ಮ ಮನೆಯಲ್ಲಿ ಸೂಜಿ ಇರಲಿಲ್ಲ. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ, ಯಾಕೆಂದರೆ ಅವರು ನನ್ನನ್ನು ಸೂಜಿಯಿಲ್ಲದೆ ಕಂಡೇ ಇಲ್ಲ. ಗುರುತಿನವರ ಮನೆಯಲ್ಲಿ ಯಾರಾದರೂ ಬಸುರಿ ಎಂದು ಕಿವಿಗೆ ಬಿದ್ದರೆ ಸಾಕು, ನಾನು ಅವರ ಹಳೆ ಸೀರೆ ಕೇಳಿಕೊಂಡು ಹೋಗಿಬಿಡುತ್ತೇನೆ. ಸಿರಾದ ನಮ್ಮ ಬೀದಿಯಲ್ಲಿ ನಾನು ಹೊಲಿದ ಬೊಂತೆಯ ಮೇಲೆ ಮಲಗದೆ ಬೆಳೆದ ಮಗುವಿಲ್ಲ, ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಬೊಂತೆ ಅಂದರೆ ಹಳೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದ ಹೊದಿಕೆ, ಕೆಲವು ಸೀಮೆಯವರು ಕೌದಿ ಅನ್ನುತ್ತಾರೆ. ಆದರೆ ನಾನು ಹುಟ್ಟಿದ್ದು ಹುಲಿಕುಂಟೆಯ ಕಡೆ, ಕುರಿ ಸಾಕಿ ಕಂಬಳಿ ನೇಯುವ ಮನೆಯಲ್ಲಿ. ಅಲ್ಲಿ ಕಂಬಳಿಯ ಪಟ್ಟಿಗಳನ್ನು ಕೂಡಿಸುವ ದಬ್ಬಣ ಇತ್ತು, ಉಣ್ಣೆ ಹಿಂಜುವ ಬಿಲ್ಲು ಇತ್ತು, ಅಜ್ಜಿಯ ರಾಟೆ ಇತ್ತು. ಸೂಜಿ ಮಾತ್ರ ಇರಲಿಲ್ಲ. ನನ್ನ ಲಂಗ ಹರಿದರೆ ಅಜ್ಜಿ ಅದೇ ದಬ್ಬಣದಲ್ಲಿ ಉಣ್ಣೆಯ ನೂಲು ಪೋಣಿಸಿ ನಾಲ್ಕು ಗಂಟು ಹಾಕಿಬಿಡುತ್ತಿದ್ದಳು. ಹರಿದದ್ದೇ ವಾಸಿ ಅನ್ನುವ ಹಾಗೆ ಚುಚ್ಚುತ್ತಿತ್ತು ಅದು.

ನಮ್ಮದು ಮೂರಂಕಣದ ಮನೆ. ನಡುವಿನ ಅಂಕಣವನ್ನು ಮಗ್ಗವೇ ನುಂಗಿಕೊಂಡಿತ್ತು. ಅಪ್ಪ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಕೂತರೆ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದ. ಬಹಳ ಚಿಕ್ಕವಳಿದ್ದಾಗ ನಾನು ಅಪ್ಪ ಇರುವುದೇ ಅಷ್ಟು ಅಂದುಕೊಂಡಿದ್ದೆನಂತೆ, ಒಂದು ದಿನ ಅವನು ಎದ್ದು ನಿಂತದ್ದನ್ನು ನೋಡಿ ಕಿಟಾರನೆ ಕಿರುಚಿದೆನಂತೆ. ಅಪ್ಪ ಮಾತಿನವನಲ್ಲ. ಅವನಿಗೆ ಸಿಟ್ಟು ಬಂದಿದೆಯೋ ಖುಷಿಯಾಗಿದೆಯೋ ಎಂದು ಮಗ್ಗದ ಸದ್ದು ಕೇಳಿಯೇ ನಾವು ತಿಳಿಯಬೇಕಿತ್ತು. ಪಡಸಾಲೆಯ ಬಾಗಿಲ ಬಳಿ ಅಜ್ಜಿಯ ರಾಟೆ, ಹಿಂದಿನ ಅಂಕಣದಲ್ಲಿ ಒಲೆ, ಒಲೆಯ ಪಕ್ಕದಲ್ಲೇ ಗೋಡೆಯಾಚೆ ಕುರಿದೊಡ್ಡಿ. ಮುದ್ದೆ, ಹುರುಳಿ ಸಾರು, ಉಣ್ಣೆ, ಕುರಿಹಿಕ್ಕೆ, ಎಲ್ಲದರ ವಾಸನೆ ಒಂದರೊಳಗೊಂದು ಬೆರೆತು ಮನೆಯೆಂದರೆ ಅದೇ ವಾಸನೆ ಎಂದು ನನ್ನ ಮೂಗು ಕಲಿತುಕೊಂಡಿತ್ತು. ಊಟಕ್ಕೆ ನಾವು ಮಗ್ಗದ ಪಕ್ಕದಲ್ಲಿ ಉಳಿದಷ್ಟು ಜಾಗದಲ್ಲಿ ಸಾಲಾಗಿ ಕೂರಬೇಕಿತ್ತು. ಯಾರ ಮಂಡಿಯಾದರೂ ಮಗ್ಗದ ಹಾಸುನೂಲಿಗೆ ತಗಲಿ ಒಂದು ಎಳೆ ಹರಿದರೆ ಅವತ್ತು ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮನೆಯ ಯಜಮಾನಿ ಅಪ್ಪನ ತಾಯಿ, ನಮ್ಮಜ್ಜಿ ಕರಿಯಮ್ಮ. ನಮ್ಮವ್ವ ನನಗೆ ಮೂರು ವರ್ಷವಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನನ್ನೂ ಅಣ್ಣ ಬೀರನನ್ನೂ ಸಾಕಿದವಳು ಅವಳೇ. ಒಣಗಿದ ಕಡ್ಡಿಯಂಥ ಮೈ, ಆದರೆ ಅವಳು ಕೆಮ್ಮಿದರೆ ದೊಡ್ಡಿಯ ಟಗರೂ ತಲೆಯೆತ್ತಿ ನೋಡುತ್ತಿತ್ತು. ಅವಳಿಗೆ ಕಂಬಳಿಯೆಂದರೆ ದೇವರಿಗೆ ಒಂದು ಮೆಟ್ಟಿಲು ಕೆಳಗೆ. ಕಂಬಳಿಗೆ ಮೈಲಿಗೆಯಿಲ್ಲ, ಕಂಬಳಿಯನ್ನು ಒಗೆಯಬಾರದು, ಕಂಬಳಿಯನ್ನು ದಾಟಬಾರದು. ಅದಕ್ಕಿಂತ ಹೆಚ್ಚಾಗಿ, ಗಂಜಿ ಕುಡಿಯದ ಕಂಬಳಿಯನ್ನು ಮೈಮೇಲೆ ಹಾಕಬಾರದು. ಹುಣಸೇಬೀಜ ಹುರಿದು, ಸಿಪ್ಪೆ ಕುಟ್ಟಿ ತೆಗೆದು, ನೆನೆಹಾಕಿ ರುಬ್ಬಿ ಕುದಿಸಿದರೆ ಅಂಟಂಟಾದ ಗಂಜಿಯಾಗುತ್ತದೆ. ಮಗ್ಗದಿಂದ ಇಳಿದ ಕಂಬಳಿಗೆ ಅದನ್ನು ಬೇರಿನ ಕುಂಚದಲ್ಲಿ ಎರಡೂ ಕಡೆ ಬಳಿದು ಬಿಸಿಲಿಗೆ ಹಾಕಿದರೆ, ಅದು ಬಿರುಸಾಗಿ, ನಿಲ್ಲಿಸಿದರೆ ನಿಲ್ಲುವ ಹಾಗಾಗುತ್ತದೆ. ಮಳೆ ಬಂದರೆ ನೀರು ಜಾರಿ ಹೋಗುತ್ತದೆ. ಸಂತೆಗೆ ಹೋಗುವ ಕಂಬಳಿಗೆ ಅಪ್ಪನೋ ಅಣ್ಣನೋ ಗಂಜಿ ಹಾಕುತ್ತಿದ್ದರು. ಮನೆಯವರು ಹೊದೆಯುವ ಕಂಬಳಿಗೆ ಮಾತ್ರ ಅಜ್ಜಿ ಯಾರಿಗೂ ಕುಂಚ ಕೊಡುತ್ತಿರಲಿಲ್ಲ. ಮೂರು ಸಲ ಬಳಿದು, ಮೂರು ಸಲ ಒಣಗಿಸಿ, ಕೊನೆಗೆ ಬೆರಳಿನಿಂದ ಬಡಿದು ಸದ್ದು ಕೇಳಿ, "ಊಂ, ಈಗ ಹೊದ್ಕ" ಅನ್ನುತ್ತಿದ್ದಳು. ನನ್ನನ್ನು ಅವಳು ಯಾವತ್ತೂ ಮುದ್ದು ಮಾಡಿದ ನೆನಪಿಲ್ಲ. ಆದರೆ ನನ್ನ ಕಂಬಳಿಗೆ ಗಂಜಿ ಹಾಕಿದವಳು ಅವಳು, ಅದು ನನಗೆ ಚೆನ್ನಾಗಿ ನೆನಪಿದೆ.

ಇಂಥ ಮನೆಗೆ ಸೂಜಿ ತಂದವಳು ನಮ್ಮತ್ತಿಗೆ, ಬೀರಣ್ಣನ ಹೆಂಡತಿ ಓಬಳಮ್ಮ. ಅವಳು ಪಾವಗಡದಾಚೆ, ವೈ.ಎನ್. ಹೊಸಕೋಟೆ ಕಡೆಯವಳು. ಅವಳ ಅಪ್ಪ ನಮ್ಮವರೇ ಆದರೂ ಕುರಿ ಮಾರಿ ಹೊಲ ಮಾಡಿ ಕಡಲೆಕಾಯಿ ಬೆಳೆಯುತ್ತಿದ್ದರು. ಕುರಿ ಬಿಟ್ಟವರು ಎಂದು ಅಜ್ಜಿಗೆ ಮೊದಲಿನಿಂದಲೂ ಸ್ವಲ್ಪ ತಾತ್ಸಾರ. ಅತ್ತಿಗೆಯ ಮಾತಿನಲ್ಲಿ ಅರ್ಧ ತೆಲುಗು. ನನ್ನನ್ನು ಹೆಸರಿಟ್ಟು ಕರೆಯದೆ "ಪಾಪಾ" ಅನ್ನುತ್ತಿದ್ದಳು, ಅಜ್ಜಿಯನ್ನು "ಅವ್ವಾ" ಅನ್ನುತ್ತಿದ್ದಳು, ಅವರ ಕಡೆ ಅವ್ವ ಅಂದರೆ ಅಜ್ಜಿಯೇ. ಮದುವೆಯಾಗಿ ಬಂದ ದಿನ ಗಾಡಿಯಿಂದ ಇಳಿದಾಗ ಅವಳ ಕಂಕುಳಲ್ಲಿ ಒಂದು ಸುರುಳಿಯಿತ್ತು. ಬಿಚ್ಚಿದರೆ ಕೆಂಪು, ನೀಲಿ, ಹಳದಿ ತುಂಡುಗಳ ದೊಡ್ಡ ಬೊಂತೆ. ಅವಳ ತೀರಿಹೋದ ತಾಯಿ ಹೊಲಿದದ್ದಂತೆ. ನಾನು ಅಷ್ಟು ಬಣ್ಣವನ್ನು ಒಂದೇ ಕಡೆ ನೋಡಿರಲಿಲ್ಲ, ಬಾಯಿ ಬಿಟ್ಟುಕೊಂಡು ನಿಂತೆ. ಅಜ್ಜಿಯ ಮುಖ ಮಾತ್ರ ಹುಳಿ ಕುಡಿದ ಹಾಗಾಯಿತು.

"ಕಂಬ್ಳಿ ನೇಯೋರ ಮನೇಲಿ ಚಿಂದಿ ಹೊದ್ಕಂಡು ಮಲಗಾದಾ? ನೋಡ್ದೋರು ಏನಂದಾರು? ಇವ್ರ ಕಂಬ್ಳೀಲಿ ಬೆಚ್ಚಗೆ ಇಲ್ಲ ಅದ್ಕೇ ಚಿಂದಿ ಹೊದೀತವ್ರೆ ಅನ್ನಲ್ವಾ? ತಗದು ಅಟ್ಟದ ಮ್ಯಾಕೆ ಇಕ್ಕು ಅದ್ನ."

ಹೊಸ ಮದುಮಗಳು ಏನು ಹೇಳಿಯಾಳು? ಬೊಂತೆ ಅಟ್ಟ ಹತ್ತಿತು. ಅತ್ತಿಗೆ ಕಂಬಳಿ ಹೊದ್ದು ಮಲಗಲು ಶುರುಮಾಡಿದಳು. ಅಭ್ಯಾಸವಿಲ್ಲದ ಮೈ, ಕತ್ತಿನ ಸುತ್ತ ಕೆಂಪಗೆ ಗಂಧೆ ಎದ್ದು ಬಿಡುತ್ತಿತ್ತು. ಬೆಳಿಗ್ಗೆ ಸೆರಗನ್ನು ಕಿವಿಯವರೆಗೆ ಎಳೆದುಕೊಂಡು ಮುದ್ದೆ ತೊಳಸುತ್ತಿದ್ದಳು. ಅವಳನ್ನು ಕಂಡರೆ ನನಗೆ ಪಾಪ ಅನಿಸುತ್ತಿತ್ತು, ಜೊತೆಗೆ ಆ ಬೊಂತೆಯನ್ನು ಇನ್ನೊಂದು ಸಲ ನೋಡುವ ಆಸೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚಿತ್ತೆಂದು ಕೇಳಬೇಡಿ, ನನಗಾಗ ಒಂಬತ್ತು ವರ್ಷ.

ಅವಳ ಸೂಜಿ ಎಣ್ಣೆಬಟ್ಟೆಯ ತುಂಡಿಗೆ ಚುಚ್ಚಿಕೊಂಡು ಅವಳ ಸೆರಗಿನ ಗಂಟಿನಲ್ಲಿರುತ್ತಿತ್ತು. ಅಜ್ಜಿ ಕುರಿಗಳ ಹಿಂದೆ ಹೋದ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಹಿತ್ತಿಲ ಹೊಂಗೆಮರದ ಕೆಳಗೆ ಕೂರುತ್ತಿದ್ದೆವು. ದಾರ ಪೋಣಿಸಲು ಕಲಿಯುವುದಕ್ಕೇ ನನಗೆ ನಾಲ್ಕು ದಿನ ಬೇಕಾಯಿತು. ಮೊದಲು ಎಲೆಯಡಿಕೆಯ ಚೀಲ ಹೊಲಿದೆ, ಅದರ ಬಾಯಿಯನ್ನೂ ಹೊಲಿದುಬಿಟ್ಟಿದ್ದೆ. ಆಮೇಲೆ ಬೊಂತೆಯ ಹಾಗೆ ಪದರ ಜೋಡಿಸಿದ ಹಳೆ ಬಟ್ಟೆಯ ತುಂಡೊಂದನ್ನು ಕಾಲಮೇಲೆ ಹಾಸಿಕೊಂಡು ನೆಟ್ಟಗೆ ಉದ್ದಕ್ಕೆ ಹೊಲಿಗೆ ಹಾಕುತ್ತಾ ಹೋದೆ. ಭೇಷ್ ಅನ್ನಿಸಿಕೊಳ್ಳಬೇಕೆಂದು ಎದ್ದು ನಿಂತರೆ ತುಂಡು ನನ್ನ ಜೊತೆಗೇ ಎದ್ದು ಬಂತು. ಲಂಗವನ್ನೂ ಸೇರಿಸಿ ಹೊಲಿದಿದ್ದೆ! ಅತ್ತಿಗೆ ನಕ್ಕು ನಕ್ಕು ಮರಕ್ಕೆ ಒರಗಿಬಿಟ್ಟಳು. ನಮ್ಮ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಚಾಲು ಪಾಪಾ, ಸಾಕು. ನಿನ್ ಹೊಲಿಗೆ ಗಟ್ಟಿ ಐತೆ ಬುಡು. ನಿನ್ನೇ ಹಿಡ್ಕಂಡು ಕೂತೈತೆ."

ಆ ವರ್ಷ ಸುಗ್ಗಿಯ ಹೊತ್ತಿಗೆ ನನಗೆ ದಡಾರ ಬಂತು. ಮೈಯೆಲ್ಲಾ ಗುಳ್ಳೆ, ಮೇಲೆ ಚಳಿ. ಅಜ್ಜಿ ಬೇವಿನ ಸೊಪ್ಪು ಹಾಸಿ, ತನ್ನ ಕೈಯಾರೆ ಗಂಜಿ ಹಾಕಿದ ಕಂಬಳಿಯನ್ನು ಹೊದಿಸಿದಳು. ಕಂಬಳಿ ಮೈಗೆ ತಗಲಿದರೆ ಸಾಕು, ಉರಿಯಲ್ಲಿ ನಾನು ಚೀರಾಡುತ್ತಿದ್ದೆ. ತೆಗೆದರೆ ಚಳಿಗೆ ಹಲ್ಲು ಕಟಕಟ. ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಅತ್ತಿಗೆ ಯಾರನ್ನೂ ಕೇಳದೆ ಏಣಿ ಹಾಕಿ ಅಟ್ಟ ಹತ್ತಿದಳು. ತಾಯಿ ಹೊಲಿದ ಬೊಂತೆಯನ್ನು ಕೊಡವಿ ನನ್ನ ಮೇಲೆ ಹೊದಿಸಿ, ಅಜ್ಜಿ ಬೈಯಲಿ ಎಂದು ಕಾಯುತ್ತಾ ಪಕ್ಕದಲ್ಲಿ ಕೂತಳು. ಅದರ ಮೆದುವನ್ನು ಹೇಗೆ ಹೇಳಲಿ? ನೂರು ಸಲ ಒಗೆದ ಬಟ್ಟೆಯ ಮೆದು ಅದು. ನಾನು ಬೆಳಗಿನಿಂದ ಸಂಜೆಯವರೆಗೆ ನಿದ್ದೆ ಮಾಡಿದೆನಂತೆ. ಅಜ್ಜಿ ಬೈಯಲಿಲ್ಲ. ರಾಟೆಯನ್ನು ನನ್ನ ತಲೆದೆಸೆಗೆ ತಂದಿಟ್ಟುಕೊಂಡು, ತಿರುಗಿಸದೆ, ಸುಮ್ಮನೆ ಕೂತಿದ್ದಳಂತೆ. ಆಮೇಲೆ ಬೊಂತೆಯನ್ನು ಅಟ್ಟಕ್ಕೆ ಹಾಕು ಎಂದು ಅವಳು ಹೇಳಲಿಲ್ಲ, ಅತ್ತಿಗೆ ಹಾಕಲೂ ಇಲ್ಲ.

ಮಳೆಗಾಲಕ್ಕೆ ಅತ್ತಿಗೆ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಅವಳ ಅಪ್ಪನಿಂದ ಹೇಳಿಕೆ ಬಂತು. ಆದರೆ ತವರಲ್ಲಿ ತಾಯಿಯಿಲ್ಲ, ಅಪ್ಪನ ಎರಡನೇ ಹೆಂಡತಿಗೂ ಇವಳಿಗೂ ಅಷ್ಟಕ್ಕಷ್ಟೇ. ಎರಡು ದಿನದ ಗಾಡಿ ದಾರಿ ಬೇರೆ. ನಮ್ಮಜ್ಜಿಯಾದರೋ ಸುತ್ತಿನ ಏಳು ಹಳ್ಳಿಗೆ ಸೂಲಗಿತ್ತಿ. ಬಹಳ ಯೋಚಿಸಿ, "ನಾನು ಇಲ್ಲೇ ಇರ್ತೀನಿ" ಎಂದು ಅತ್ತಿಗೆ ಅಣ್ಣನಿಗೆ ಹೇಳಿದಳು. ಮಗುವಿಗಾಗಿ ಬೊಂತೆ ಹೊಲಿಯಲೂ ಕೂತಳು. ಅದು ಬಟ್ಟೆಗೆ ಕಂಟ್ರೋಲು ಬಂದಿದ್ದ ಯುದ್ಧದ ಕಾಲ. ಹೊಸ ಬಟ್ಟೆ ಬಿಡಿ, ಹಳೆಯದಕ್ಕೂ ಬರ. ಅಣ್ಣ ಸಿರಾ ಸಂತೆಗೆ ಕಂಬಳಿ ಹೊತ್ತು ಹೋದಾಗ ಅಲ್ಲಿಯ ದರ್ಜಿ ಸಾಬರ ಹತ್ತಿರ ಕತ್ತರಿಸಿ ಬಿಟ್ಟ ಚೂರುಗಳನ್ನು ಬೇಡಿ, ರುಮಾಲಿನೊಳಗೆ ಬಚ್ಚಿಟ್ಟುಕೊಂಡು ತರುತ್ತಿದ್ದ. ಅಜ್ಜಿಯ ಮುಂದೆ ರುಮಾಲು ಬಿಚ್ಚಲು ಅವನಿಗೆ ಧೈರ್ಯವಿಲ್ಲ, ಬಿಚ್ಚದೆ ಊಟಕ್ಕೆ ಕೂತರೆ ಅಜ್ಜಿ ಬಿಡುವುದಿಲ್ಲ. ಒಂದು ಸಲ ಮುದ್ದೆಯ ತಟ್ಟೆಗೆ ಬಣ್ಣಬಣ್ಣದ ಚೂರುಗಳು ಉದುರಿ, ಅಪ್ಪ ಕೂಡ ನಕ್ಕುಬಿಟ್ಟ.

ಅತ್ತಿಗೆ ಒಂದೊಂದು ತುಂಡನ್ನೂ ಮೂಗಿನ ಕೆಳಗೆ, ತುಟಿಯ ಮೇಲೆ ಸವರಿ ನೋಡುತ್ತಿದ್ದಳು. ಅಲ್ಲಿಗೆ ಮೆತ್ತಗೆ ಅನಿಸಿದರೆ ಮಾತ್ರ ಸೈ. ಸಾಬರ ಹೊಸ ಚೂರುಗಳನ್ನು ತೊಳೆದು, ಉಜ್ಜಿ, ಮತ್ತೆ ತೊಳೆದು ಸೇರಿಸುವಳು. ಒಂದು ದಿನ ಹೀಗೆ ಪಡಸಾಲೆಯಲ್ಲಿ ಹರಡಿಕೊಂಡು ಕೂತಿದ್ದಾಗ ಅಜ್ಜಿ ಒಳಗಿನಿಂದ ಬಂದಳು. ಕೈಯಲ್ಲಿ ಹಸಿರು ಸೀರೆ, ಕೆಂಪಂಚು, ಅಲ್ಲಲ್ಲಿ ಸವೆದು ಜಾಳಾಗಿತ್ತು. ಅದು ನಮ್ಮವ್ವನದು. ಅವ್ವ ಹೋದಮೇಲೆ ಅದು ಎಲ್ಲಿತ್ತೋ ನನಗೆ ಗೊತ್ತಿರಲಿಲ್ಲ. ಅಜ್ಜಿ ಅದನ್ನು ಅತ್ತಿಗೆಯ ತೊಡೆಯ ಮೇಲೆ ಹಾಕಿ, "ಇದ್ನೂ ಸೇರ್ಸು" ಅಂದು, ನಮ್ಮ ಮುಖ ನೋಡದೆ ಹೊರಟುಹೋದಳು. ಅತ್ತಿಗೆ ಆ ಸೀರೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಅದರಲ್ಲಿ ಮುಖ ಮುಚ್ಚಿಕೊಂಡು ಅವ್ವನ ವಾಸನೆ ಇದೆಯೇನೋ ಎಂದು ನೋಡಿದೆ. ಇರಲಿಲ್ಲ, ಬೇವಿನೆಲೆಯ ವಾಸನೆಯಿತ್ತು. ಆದರೂ ಅಳು ಬಂತು. ಅವ್ವನ ಸೀರೆಯ ಮೇಲೆ ನನ್ನ ತಮ್ಮನಂಥ ಮಗುವೊಂದು ಮಲಗುತ್ತದೆ ಅನ್ನುವ ಸಂತೋಷಕ್ಕೂ ಇರಬಹುದು.

ಏಳು ತಿಂಗಳು ತುಂಬುವ ಹೊತ್ತಿಗೆ ಬೊಂತೆ ಮುಗಿಯಿತು. ಅಂಚಿನಿಂದ ಸುತ್ತು ಸುತ್ತಾಗಿ ಒಳಗೆ ಹೋಗಿ, ನಟ್ಟನಡುವೆ ಹಸಿರು ಚೌಕದಲ್ಲಿ ಹೊಲಿಗೆ ನಿಂತಿತ್ತು. ಕೊನೆಯ ಸುತ್ತು ನನ್ನದು. ಅದೇ ಬೆಳಿಗ್ಗೆ ಅಜ್ಜಿ ಬೊಂತೆಯನ್ನು ಎತ್ತಿ, ಹಿಸುಕಿ, ತಲೆ ಅಲ್ಲಾಡಿಸಿದಳು.

"ಏನ್ ಇಷ್ಟೊಂದ್ ಮೆತ್ತಗೈತೆ? ಮೆತ್ತಗಿರೋದ್ರಾಗೆ ಮಲಗಿದ್ ಗಂಡು ಮೆತ್ತಗೇ ಆಯ್ತಾನೆ. ಗಟ್ಟಿ ಇರ್ಬೇಕು ಕಣಮ್ಮ, ಗಟ್ಟಿ!"

"ಮಗ ಗಟ್ಟಿ ಇದ್ರೆ ಸಾಲ್ದಾ ಅವ್ವಾ? ಬೊಂತೇನೂ ಗಟ್ಟಿ ಇರ್ಬೇಕಾ?" ಅಂದಳು ಅತ್ತಿಗೆ. ಅವಳು ಅಜ್ಜಿಗೆ ಎದುರಾಡಿದ್ದು ಅದೇ ಮೊದಲು. ಮಗ್ಗದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮಧ್ಯಾಹ್ನ ಅತ್ತಿಗೆಯನ್ನು ಬಸುರಿ ಊಟಕ್ಕೆಂದು ಪಕ್ಕದ ಹಳ್ಳಿಯ ನೆಂಟರು ಕರೆದುಕೊಂಡು ಹೋದರು, ಅಣ್ಣನೂ ಹೋದ. ಮಾರನೆಯ ದಿನ ಸಂಜೆಗೆ ಬರುವುದಿತ್ತು. ಅವರ ಗಾಡಿ ತಿರುವು ದಾಟುತ್ತಿದ್ದಂತೆ ಅಜ್ಜಿ ನನ್ನನ್ನು ಕೂಗಿದಳು.

"ಲೇ ಈರಿ, ಹುಣ್ಸೇಬೀಜ ತಗಂಬಾ. ಒಲೆ ಹಚ್ಚು."

"ಯಾವ್ ಕಂಬ್ಳಿಗಜ್ಜಿ?"

"ಕಂಬ್ಳಿ ಅಲ್ಲ ಕಣೇ. ಬೊಂತೆಗೆ. ಗಂಜಿ ಹಾಕ್ದೆ ಮಗೀಗೆ ಹೊದಿಸ್ತಾರಾ? ಆ ಹುಡ್ಗಿಗೆ ಯಾರೂ ಹೇಳ್ಕೊಟ್ಟಿಲ್ಲ, ಪಾಪ, ತಾಯಿಲ್ಲದೋಳು. ನಾನೇ ಹಾಕ್ತೀನಿ."

ನನಗೆ ಹಿಗ್ಗೋ ಹಿಗ್ಗು. ಅಜ್ಜಿ ತನ್ನ ಕೈಯಾರೆ ಗಂಜಿ ಹಾಕುತ್ತಾಳೆ ಅಂದರೆ ಚಿಂದಿ ಎಂದು ಒಂದನ್ನು ಅಟ್ಟಕ್ಕೆ ಹಾಕಿಸಿದವಳಿಗೆ ಈಗ ಬೊಂತೆಯೂ ಮನೆಯದಾಯಿತು ಎಂದೇ ಅರ್ಥ. ಮೆತ್ತಗಿರಲೆಂದೇ ಅತ್ತಿಗೆ ಒಂದೊಂದು ಚೂರನ್ನೂ ತುಟಿಗೆ ಸವರಿ ಆರಿಸಿದ್ದು ನನಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಕಂಬಳಿ ನೋಡಿದ ಕಣ್ಣು, ಹೊದೆಯುವ ವಸ್ತು ಮುಗಿಯಿತೆಂದರೆ ಗಂಜಿ, ಅಷ್ಟೇ ನನಗೆ ಗೊತ್ತಿದ್ದದ್ದು. ಬೀಜ ಹುರಿದೆ, ಕುಟ್ಟಿದೆ, ರುಬ್ಬಿದೆ. ಅಜ್ಜಿ ಮೊದಲ ಸಲ ನನ್ನ ಕೈಗೂ ಕುಂಚ ಕೊಟ್ಟಳು. ಇಬ್ಬರೂ ಸೇರಿ ಅವತ್ತು ಒಂದು ಸಲ, ಮಾರನೆಯ ಬೆಳಿಗ್ಗೆ ಒಂದು ಸಲ, ಬಿಸಿಲು ಏರಿದ ಮೇಲೆ ಒಂದು ಸಲ ಬಳಿದೆವು. ಉಣ್ಣೆಯಂತಲ್ಲ ಬಟ್ಟೆ, ಗಂಜಿಯನ್ನು ಗಟಗಟ ಕುಡಿಯಿತು. ಒಣಗಿದ ಮೇಲೆ ಅಜ್ಜಿ ಬೆರಳಿನಿಂದ ಬಡಿದಳು. ಡಬ್ ಡಬ್ ಅಂದಿತು. ತೃಪ್ತಿಯಿಂದ ಅದನ್ನು ಪಡಸಾಲೆಯ ಗೋಡೆಗೆ ಬಾಗಿಲಿನ ಹಾಗೆ ಒರಗಿಸಿ ನಿಲ್ಲಿಸಿ, ಒಂದು ಕುರಿ ಈಯುತ್ತಿದೆಯೆಂದು ದೊಡ್ಡಿಗೆ ಹೋದಳು.

ಅತ್ತಿಗೆ ಬಂದಾಗ ಬೊಂತೆಯ ತುದಿಯ ಮೇಲೆ ನಮ್ಮ ಹುಂಜ ಹತ್ತಿ ಕೂತಿತ್ತು. ಹುಂಜ ಕೂತರೂ ಬೊಂತೆ ಬಾಗಿರಲಿಲ್ಲ. ಅವಳು ಮೊದಲು ಹುಂಜವನ್ನು ನೋಡಿ ನಕ್ಕಳು. ಆಮೇಲೆ ಅದು ಕೂತಿರುವುದು ಯಾವುದರ ಮೇಲೆ ಎಂದು ಕಂಡಿತು. ಹತ್ತಿರ ಬಂದು ಮುಟ್ಟಿದಳು. ಮಡಿಸಲು ನೋಡಿದಳು, ಮಡಿಕೆಯಾಗಲಿಲ್ಲ, ಪಟ್ ಅಂತ ಒಂದು ಕಡೆ ಹೊಲಿಗೆ ಹರಿಯಿತು.

"ಯಾರು ಪಾಪಾ ಇದು ಮಾಡಿದ್ದು?"

ಅವಳ ದನಿ ಕೇಳಿ ನನ್ನ ಹಿಗ್ಗೆಲ್ಲ ಇಳಿದುಹೋಯಿತು. ಏನೋ ಬಹಳ ತಪ್ಪಾಗಿದೆ ಅನ್ನುವುದಷ್ಟೇ ತಿಳಿಯಿತು. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಗಂಜಿಯಿತ್ತು, ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ. "ಅಜ್ಜಿ" ಅಂದೆ. ನಾನೂ ಇದ್ದೆ ಅನ್ನಲಿಲ್ಲ. ಹೊದಿಸುವ ಮೊದಲು ಗಂಜಿ ಹಾಕಬೇಕು ಎಂದು ಅಜ್ಜಿ ಹೇಳಿದ್ದನ್ನಾಗಲಿ, ತಾಯಿಲ್ಲದವಳು ಎಂದು ಮರುಗಿದ್ದನ್ನಾಗಲಿ ಹೇಳಲಿಲ್ಲ. ಆ ಒಂದೇ ಮಾತು ಹೇಳಿ ಬಾಯಿ ಮುಚ್ಚಿಕೊಂಡೆ. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ನನಗೆ ನನ್ನ ಮೇಲೆ ಕೆಟ್ಟ ಸಿಟ್ಟು ಬರುತ್ತದೆ.

ಅತ್ತಿಗೆ ಅಳಲಿಲ್ಲ. ಒಳಗೆ ಹೋಗಿ ಅಣ್ಣನಿಗೆ ಹೇಳಿದ್ದು ನನಗೆ ಕೇಳಿಸಿತು.

"ಗಟ್ಟಿ ಇರ್ಬೇಕು ಅಂದ್ರಲ್ಲ, ಗಟ್ಟಿ ಮಾಡಿ ತೋರ್ಸವ್ರೆ. ನಾನ್ ಎದುರು ಮಾತಾಡ್ದೆ ಅಂತ ಮಗೂನ್ ಬಟ್ಟೆ ಮ್ಯಾಲೆ ಸಿಟ್ಟು ತೀರಿಸ್ಕಂಡವ್ರೆ. ನಾಳೆ ಬೆಳಿಗ್ಗೆ ಗಾಡಿ ಕಟ್ಟು. ನಾನು ಹೊಸ್ಕೋಟೆಗೆ ಹೋಗ್ತೀನಿ. ಹೋದ್ಮೇಲೆ ಕರ್ಯೋಕೆ ಬರ್ಬ್ಯಾಡ."

ಅಣ್ಣ ಏನೇನೋ ಹೇಳಿದ. ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಈದ ಕುರಿಯ ಕೆಲಸ ಮುಗಿಸಿ ಬಂದ ಅಜ್ಜಿ, "ಗಾಡೀಲಿ ಬಂದು ಸುಸ್ತಾಗೈತೆ, ಮಲಗ್ಲಿ" ಎಂದು ಅವಳಿಗಾಗಿ ಸಾರು ತೆಗೆದಿಟ್ಟಳು. ಅತ್ತಿಗೆಯ ಹೊಗಳಿಕೆಗೆ ಕಾಯುತ್ತಿದ್ದಳು ಅಂತಲೇ ನನಗೆ ಅನಿಸುತ್ತದೆ, ಎರಡು ಸಲ ಬೊಂತೆಯ ಕಡೆ ನೋಡಿದಳು. ಅತ್ತಿಗೆ ಹೋದರೆ ನನ್ನ ಗತಿಯೇನು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅವಳು ಬರುವ ಮೊದಲಿನ ಮನೆಯನ್ನು ನೆನೆಸಿಕೊಂಡೆ. ಇಡೀ ದಿನ ಮಗ್ಗ ಮಾತಾಡುತ್ತಿದ್ದ, ಮನುಷ್ಯರು ಮಾತಾಡದಿದ್ದ ಮನೆ.

ಬೆಳಗಿನ ಜಾವ ಎಚ್ಚರವಾದಾಗ, ಅತ್ತಿಗೆ ಚೂರುಗಳನ್ನು ತುಟಿಗೆ ಸವರಿ ಆರಿಸಿದ್ದು ಯಾಕೆಂದು ನನಗೆ ಹೊಳೆಯಿತು. ಬೆಳಕು ಹರಿಯುವಾಗ ದೊಡ್ಡಿಯಲ್ಲಿ ಅಜ್ಜಿಯ ಸೆರಗು ಹಿಡಿದುಕೊಂಡು ಎಲ್ಲ ಹೇಳಿದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಯಾಕ್ ಹೋಗ್ತಾಳೆ? ಎಷ್ಟು ಚಂದಾಗಿ ನಿಂತೈತೆ ಬೊಂತೆ!"

"ಮೆತ್ತಗಿರ್ಲಿ ಅಂತ್ಲೇ ಹೊಲಿದಿದ್ದು ಅಜ್ಜಿ. ಮಗೀನ ಮೈಗೆ."

ಅಜ್ಜಿ ಹಾಲಿನ ಚೆಂಬನ್ನು ನನ್ನ ಕೈಗೆ ಕೊಟ್ಟು ಪಡಸಾಲೆಗೆ ಬಂದಳು. ಬಗ್ಗಿ, ಬೊಂತೆಗೆ ಕೆನ್ನೆ ಒತ್ತಿ ನಿಂತಳು. ದಡಾರದಲ್ಲಿ ನಾನು ಕಂಬಳಿ ಒದ್ದು ಚೀರಿದ್ದು ಅವಳಿಗೆ ನೆನಪಾಯಿತೋ ಏನೋ, ಮೆಲ್ಲಗೆ "ಅಯ್ಯೋ ನನ್ ಬುದ್ಧೀಗಿಷ್ಟು ಮಣ್ಣಾಕ" ಅಂದಳು. ಬೊಂತೆಯನ್ನು ಹಲಗೆಯಂತೆ ತಲೆಯ ಮೇಲೆ ಹೊತ್ತು, ಮಡಿಲಲ್ಲಿ ಅಂಟುವಾಳದ ಕಾಯಿ ತುಂಬಿಕೊಂಡು ಕೆರೆಯ ಕಡೆ ಹೊರಟಳು.

"ಅತ್ತಿಗೆಗೆ ಹೇಳ್ಬುಡಜ್ಜಿ" ಅಂದೆ.

"ಹೇಳೋಕೇನೈತೆ? ಮೊದ್ಲು ಮೆತ್ತಗೆ ಮಾಡ್ತೀನಿ, ಆಮ್ಯಾಕೆ ಮಾತು. ನೀನ್ ಬಾಯ್ ಬುಟ್ರೆ ನೋಡು!"

ಅಜ್ಜಿಯ ಮಾತು ಮೀರಿ ಗೊತ್ತಿಲ್ಲ ನನಗೆ. ಗಾಡಿ ಕಟ್ಟಿದ್ದಾಯಿತು. ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ, ನೆಯ್ಗೆಯ ಹೊತ್ತಿನಲ್ಲಿ ಅವನು ಪೂರ್ತಿ ನಿಂತದ್ದು ಅಪರೂಪ. ಅತ್ತಿಗೆ ಅವನ ಕಾಲು ಮುಟ್ಟಿ, ತನ್ನ ತಾಯಿಯ ಬೊಂತೆಯನ್ನು ಕಂಕುಳಲ್ಲಿಟ್ಟುಕೊಂಡು ಗಾಡಿ ಹತ್ತಿದಳು. ಅಜ್ಜಿ ಎಲ್ಲಿ ಎಂದು ಕೇಳಲಿಲ್ಲ. ಊರಾಚೆವರೆಗೆ ಬಿಟ್ಟು ಬರುತ್ತೇನೆಂದು ನಾನೂ ಹತ್ತಿ ಕೂತೆ. ಪಾವಗಡದ ದಾರಿ ನಮ್ಮೂರಿನ ಕೆರೆ ಏರಿಯ ಮೇಲೆಯೇ ಹೋಗುತ್ತದೆ. ಗಾಡಿ ಏರಿ ಹತ್ತುವಾಗ ಒಂದು ಕುಲುಕು ಕುಲುಕಿತು, ಅತ್ತಿಗೆ ಹೊಟ್ಟೆ ಹಿಡಿದುಕೊಂಡು ಹಲ್ಲು ಕಚ್ಚಿದಳು. ಎರಡು ದಿನ ಹೀಗೇ ಕುಲುಕಬೇಕಲ್ಲ ಎಂದು ನೆನೆದದ್ದೇ, ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಅತ್ತಿಗೆ, ಕುಂಚ ಹಿಡ್ದಿದ್ದು ನಾನೂವೆ. ನಾನೇ ಬೀಜ ಕುಟ್ಟಿದ್ದು. ಸಿಟ್ಟಿಗಲ್ಲ ಅತ್ತಿಗೆ. ಸಂತೆ ಕಂಬ್ಳಿಗೆ ಅಜ್ಜಿ ಕೈ ಹಾಕಾದಿಲ್ಲ, ಮನೆಯೋರ್ದಕ್ಕೆ ಮಾತ್ರ ಹಾಕಾದು. ಮೂರು ಸಲ ಹಾಕ್ತು ನಿನ್ ಬೊಂತೆಗೆ. ತಾಯಿಲ್ಲದೋಳು, ಯಾರೂ ಹೇಳ್ಕೊಟ್ಟಿಲ್ಲ, ನಾನೇ ಹಾಕ್ತೀನಿ ಅಂತು."

ಅತ್ತಿಗೆ ನನ್ನನ್ನೇ ನೋಡಿದಳು. ಅಷ್ಟರಲ್ಲಿ ಕೆಳಗೆ ಕೆರೆಯಿಂದ ಧಪ್ ಧಪ್ ಎಂದು ಸದ್ದು ಕೇಳಿಸಿತು. ಅಜ್ಜಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಸೀರೆ ಎತ್ತಿಕಟ್ಟಿ, ಬೊಂತೆಯನ್ನು ಕಲ್ಲಿನ ಮೇಲೆ ಹಾಕಿ ತುಳಿಯುತ್ತಿದ್ದಳು. ಬಗ್ಗುವುದು, ಉಜ್ಜುವುದು, ಮತ್ತೆ ತುಳಿಯುವುದು. ಸುತ್ತ ನೀರೆಲ್ಲ ಗಂಜಿಯಿಂದ ಬೆಳ್ಳಗಾಗಿತ್ತು. ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಹಂಗಿಸಿ ಕೂಗಿದ್ದು ಏರಿಯ ಮೇಲಕ್ಕೂ ಕೇಳಿತು.

"ಏನ್ ಕರಿಯಮ್ಮಕ್ಕ, ಕಂಬ್ಳಿಯೋರು ಯಾವಾಗಿಂದ ಚಿಂದಿ ಒಗ್ಯಾಕೆ ಶುರು ಮಾಡಿದ್ರಿ?"

"ಯಾವೋಳ್ಲೇ ಅದು ಚಿಂದಿ ಅನ್ನೋಳು? ನನ್ ಮೊಮ್ಮಗನ್ ಹೆಂಡ್ತಿ ಹೊಲಿದಿರಾ ಬೊಂತೆ ಇದು. ನಿನ್ ಮನೇಲಿ ಹೊಲಿಯೋರು ಯಾರಾನ ಇದ್ರೆ ತೋರ್ಸು ನೋಡನ!"

"ಗಾಡಿ ನಿಲ್ಸು" ಅಂದಳು ಅತ್ತಿಗೆ.

ಅಣ್ಣ ಎತ್ತುಗಳನ್ನು ಎಷ್ಟು ಬೇಗ ಹಿಡಿದು ನಿಲ್ಲಿಸಿದನೆಂದರೆ, ಅದಕ್ಕೇ ಕಾದಿದ್ದನೆಂದು ಕಾಣುತ್ತದೆ. ಅತ್ತಿಗೆ ನನ್ನ ಭುಜ ಹಿಡಿದುಕೊಂಡು ಏರಿ ಇಳಿದು ನೀರಿನ ಅಂಚಿಗೆ ಬಂದಳು. ಅಜ್ಜಿ ತಲೆಯೆತ್ತಿ ನೋಡಿ, ಕೂಡಲೇ ತಗ್ಗಿಸಿ, ತುಳಿಯುವುದನ್ನು ನಿಲ್ಲಿಸದೆ ಮಾತಾಡಿದಳು.

"ಹೋಗೋಳು ಹೋಗ್ಬೇಕಮ್ಮ. ಇದು ಮೆತ್ತಗಾದ್ ಮ್ಯಾಲೆ ಬೀರನ್ ಕೈಲಿ ಕಳಿಸ್ತೀನಿ. ನಮ್ಗೆ ಗೊತ್ತಿರಾದು ಇಷ್ಟೇ ಕಣಮ್ಮ. ಯಾವ್ದಾನ ನಮ್ದು ಅಂದ್ಕಂಡ್ರೆ ಅದ್ಕೆ ಗಂಜಿ ಹಾಕ್ತೀವಿ. ತಪ್ಪಾಯ್ತು."

ನಮ್ಮಜ್ಜಿಯ ಬಾಯಲ್ಲಿ ತಪ್ಪಾಯ್ತು ಅನ್ನುವ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅತ್ತಿಗೆಯ ಕಣ್ಣಿಂದ ಬಳಬಳ ನೀರು ಇಳಿಯಿತು, ಅದರ ನಡುವೆಯೇ ಅವಳಿಗೆ ನಗುವೂ ಬಂತು. "ನಿಮ್ ಗಂಜಿ ಮ್ಯಾಲೆ ನಮ್ ಹುಂಜ ಕೂತಿತ್ತು ಅವ್ವಾ" ಅಂದಳು. ಅಜ್ಜಿಯ ಬೊಚ್ಚುಬಾಯಿ ತೆರೆದುಕೊಂಡಿತು. ಇಬ್ಬರೂ ನಕ್ಕರು, ಯಾಕೆಂದು ತಿಳಿಯದೆ ನಾನೂ ಜೋರಾಗಿ ನಕ್ಕೆ.

ಗಂಜಿ ಬಿಟ್ಟಿತ್ತು, ಈಗ ಹಿಂಡಬೇಕು. ನೀರು ಕುಡಿದ ಬೊಂತೆಯನ್ನು ಒಬ್ಬರು ಹಿಂಡಲು ಆಗುವುದೇ ಇಲ್ಲ, ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ಎದುರುಬದುರಾಗಿ ತಿರುಚಬೇಕು. ಅಜ್ಜಿ ಒಂದು ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದಳು. ನಾನು ಕೈ ನೀಡುವ ಮೊದಲೇ ಅತ್ತಿಗೆ ಅದನ್ನು ತೆಗೆದುಕೊಂಡಳು. ಅಜ್ಜಿ ಬೇಡವೆನ್ನಲಿಲ್ಲ, "ಹೊಟ್ಟೆ ಮ್ಯಾಲೆ ಭಾರ ಬುಡ್ಬ್ಯಾಡ, ಕೈಲಿ ತಿರುವು" ಅಂದಳಷ್ಟೇ. ತಿರುಚಿದಂತೆ ಬೊಂತೆ ಹಗ್ಗವಾಗುತ್ತಾ, ಗಿಡ್ಡವಾಗುತ್ತಾ ಇಬ್ಬರನ್ನೂ ಹತ್ತಿರ ಎಳೆಯಿತು, ನೀರು ಅವರಿಬ್ಬರ ಕಾಲ ಮೇಲೂ ಸುರಿಯಿತು. ಆಗ ಅತ್ತಿಗೆ ನನ್ನ ಕಡೆ ತಿರುಗಿದಳು.

"ಪಾಪಾ, ಮ್ಯಾಕೆ ಹೋಗಿ ನಿಮ್ಮಣ್ಣಂಗೆ ಎತ್ತು ಬಿಚ್ಚು ಅಂತ ಹೇಳು. ಇದು ಒಣಗಾಕೆ ಮೂರು ದಿನ ಬೇಕು."

ಬೊಂತೆ ಮೂರನೆಯ ದಿನಕ್ಕೇ ಒಣಗಿತು. ಅತ್ತಿಗೆ ತವರಿಗೆ ಹೋದದ್ದು ಮಗ ನಡೆಯಲು ಕಲಿತ ಮೇಲೆ, ಅದೂ ಎಂಟು ದಿನದ ಮಟ್ಟಿಗೆ, ಅಜ್ಜಿಯನ್ನೂ ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು.